ಬೇವಿನ ಮರದ ತಗಡು

ಮಿಂಚಿತು, ಮತ್ತೆ ಮಿಂಚಿತು, ಗಾಳಿ ಬಂದಾಗಲೆಲ್ಲ ಗೇಟಿನ ಬೇವಿನ ಮರಕ್ಕೆ ತೂಗುಹಾಕಿದ ಆ ತಗಡು ತಿರುಗುತ್ತದೆ, ತಿರುಗಿದಾಗಲೆಲ್ಲ ಅದರ ನಡುವಿನ ರೂಪಾಯಿಯಗಲದ ಹೊಳಪು ನೆಟ್ಟಗೆ ನನ್ನ ಕಣ್ಣಿಗೇ ಬಡಿಯುತ್ತದೆ, ಇಷ್ಟು ದೊಡ್ಡ ಬಂಗಲೆಯಲ್ಲಿ ಬಿಸಿಲಿಗೆ ಇನ್ಯಾರ ಕಣ್ಣೂ ಸಿಗಲಿಲ್ಲವೇ, ಬಗ್ಗು ಮುನವ್ವರ್ ಬೀ, ಬಗ್ಗು, ನಿನಗೆ ಪಗಾರ ಕೊಡುವುದು ಹುಲ್ಲಿನೊಳಗಿನ ಕಲ್ಲು ಆರಿಸುವುದಕ್ಕೆ, ಮರ ನೋಡುವುದಕ್ಕಲ್ಲ — ಇಗೋ ಒಂದು, ಕಡಲೆಕಾಳಿನಷ್ಟಿದೆ, ಇಗೋ ಕಾಗೆ ತಂದು ಹಾಕಿದ ಮೂಳೆ, ಎಲ್ಲವೂ ಬುಟ್ಟಿಗೆ. ಹಿಂದೆ ಮಷೀನು ಗುರ್ರೆನ್ನುತ್ತ ಬರುತ್ತಿದೆ, ಅದರ ಮೇಲೆ ಕುದುರೆ ಏರಿದ ನವಾಬನ ಹಾಗೆ ನನ್ನ ಗಂಡ ಅಲ್ಲಾಬಕ್ಷ್ ಕೂತಿದ್ದಾನೆ, ಕೂತಿದ್ದಾರೆ ಅನ್ನಬೇಕು, ಇಷ್ಟು ವರ್ಷ ಮನಸ್ಸಿನಲ್ಲೂ ಹಾಗೆಯೇ ಅಂದವಳು ನಾನು, ಇವತ್ತು ಬರುವುದಿಲ್ಲ, ಕೂತಿದ್ದಾನೆ, ಕೂರಲಿ, ನನ್ನ ಬೆನ್ನು ನೋಡುತ್ತ ಬರಲಿ, ಮುಖ ನೋಡುವ ಧೈರ್ಯವಂತೂ ನಾನು ದವಾಖಾನೆಯಿಂದ ಬಂದ ಮೇಲೆ ಅವನಿಗಿಲ್ಲ. ಹುಲ್ಲು ಒದ್ದೆ, ಸೆರಗಿನ ಅಂಚು ಒದ್ದೆ, ಬೆಳಗ್ಗೆಯೇ ಪೈಪು ಹಚ್ಚಿ ನೀರು ಬಿಡಿಸಿದ್ದಾರೆ ಮ್ಯಾನೇಜರ್ ಸಾಹೇಬರು, ಸಂಜೆಗೆ ಮುಂಬೈಯಿಂದ ಹತ್ತಿ ಖರೀದಿಯವರು ಬರುತ್ತಾರಂತೆ, ಹುಲ್ಲು ಹಸಿರಾಗಿಯೂ ಇರಬೇಕಂತೆ, ಗಿಡ್ಡವಾಗಿಯೂ ಇರಬೇಕಂತೆ, ಒದ್ದೆ ಹುಲ್ಲು ಕತ್ತರಿಸಬಾರದೆಂದು ಮಷೀನಿನ ಮಿಸ್ತ್ರಿ ಹೇಳಿ ಹೋದದ್ದು ಸಾಹೇಬರ ಕಿವಿಗೂ ಬಿದ್ದಿತ್ತಲ್ಲ, ಪಕ್ಕದಲ್ಲೇ ನಿಂತಿದ್ದರಲ್ಲ, ನಾನೇ ಕೈಯಾರೆ ಚಹಾ ಕೊಟ್ಟಿದ್ದೆನಲ್ಲ.

ಈ ಹುಲ್ಲೇ ಒಂದು ತಲೆನೋವು, ರಾಯಚೂರಿನ ಬಿಸಿಲಲ್ಲಿ ಹತ್ತಿ ಮಿಲ್ಲಿನ ಪಕ್ಕ ಯಾರಾದರೂ ಹುಲ್ಲನ್ನು ಚಾಪೆ ಹಾಸಿದಂತೆ ಬೆಳೆಸುತ್ತಾರೆಯೇ, ಮೊದಲಾದರೆ ನಾವು ನಾಲ್ಕು ಹೆಂಗಸರು ಕುಡುಗೋಲು ಹಿಡಿದು ಸಾಲಾಗಿ ಕೂತು ಕೊಯ್ಯುತ್ತಿದ್ದೆವು, ಮಾತಾಡುತ್ತ ಕೊಯ್ದರೂ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಸಾಹೇಬರು ಏಷ್ಯಾಡ್ ಆಟ ನೋಡಲು ದಿಲ್ಲಿಗೆ ಹೋದರು, ಅಲ್ಲಿ ಯಾರೋ ಮಷೀನಿನ ಮೇಲೆ ಕೂತು ಹುಲ್ಲು ಕತ್ತರಿಸುವುದನ್ನು ಕಂಡರು, ಮರುವರ್ಷವೇ ಗೂಡ್ಸ್ ಗಾಡಿಯಲ್ಲಿ ಇದು ಬಂದು ಇಳಿಯಿತು, ಯಾವುದೋ ದೊರೆಯ ಬಂಗಲೆಯ ಹಳೇ ಮಾಲು, ಹೊಸ ಬಣ್ಣ. ಮಿಲ್ಲಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ಇವನನ್ನು ಅದರ ಮೇಲೆ ಕೂರಿಸಿದರು, ಕುಡುಗೋಲಿನವರಲ್ಲಿ ಮೂವರಿಗೆ ಕೆಲಸವಿಲ್ಲ, ನಾನೊಬ್ಬಳು ಕಲ್ಲು ಆರಿಸುವುದಕ್ಕೆ ಉಳಿದೆ. ಸಿಕಂದರಾಬಾದಿನ ಮಿಸ್ತ್ರಿ ಮಷೀನನ್ನು ಹಲಗೆಯ ಮೇಲೆ ಏರಿಸಿ ಹೊಟ್ಟೆ ತೋರಿಸಿದ, ಕೆಳಗೆ ದೋಸೆ ಹಂಚು ಬೋರಲು ಹಾಕಿದಂಥ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಗರಗರ ತಿರುಗುವ ಅಲಗುಗಳು, ಬಲಮಗ್ಗುಲಿಗೆ ಕತ್ತರಿಸಿದ ಹುಲ್ಲು ಉಗುಳುವ ಬಾಯಿ, ಆ ಬಾಯಿಗೆ ಜೋತುಬಿದ್ದ ದಪ್ಪ ತಗಡು, ಮೇಲೆ ಎರಡು ತೂತು, ತೂತಿಗೆ ಬೋಲ್ಟು. ಕೈ ಒಳಗ ಹಾಕೋ ಮುಂಚೆ ಇಂಜಿನ್ ಬಂದ್ ಮಾಡು ಭಾಯ್, ಚಾವಿ ತೆಗಿ, ಪ್ಲಗ್ಗಿನ ವೈರ್ ಕಿತ್ತು ದೂರ ಇಡು, ಹುಲ್ಲು ಸಿಕ್ಕಿದರ ಕಟಿಗಿಲೆ ಕೆರಿ, ಬೆರಳಿಲೆ ಅಲ್ಲ, ಮತ್ತ ಈ ತಗಡು ಅದಲಾ, ಇದು ಮಷೀನಿನ ಬಾಯಿಗೆ ಅಡ್ಡ ಹಿಡಿದ ಕೈ, ಒಳಗ ಏನರ ಸಿಕ್ಕರ ಇದಕ್ಕ ಬಡಿದು ನೆಲಕ್ಕ ಬೀಳ್ತದ, ಇದನ್ನ ತೆಗೆದರ ಇದು ಮಷೀನಲ್ಲ, ಬಂದೂಕು — ಹೀಗೆ ತೆಲುಗು, ಹಿಂದಿ, ನಮ್ಮ ಮಾತು ಎಲ್ಲ ಕಲಸಿ ಹೇಳಿದ, ಸಾಹೇಬರು ತಲೆಯಾಡಿಸಿದರು, ಇವನೂ ಆಡಿಸಿದ. ಎಷ್ಟು ದಿನ ಇತ್ತು ಆ ತಗಡು, ಒಂದು ಸಲ ಒದ್ದೆ ಹುಲ್ಲು ಕತ್ತರಿಸಿದ್ದೇ ತಡ, ಬಾಯಿಗೆ ಹುಲ್ಲು ಗಂಟಾಗಿ ಸಿಕ್ಕಿ ಇಂಜಿನ್ನು ನಿಂತಿತು, ಮತ್ತೆ ನಿಂತಿತು, ಸಾಹೇಬರಿಗೆ ಸಿಟ್ಟು ಬಂತು, ಅದನ್ನ ಬಿಚ್ಚಿ ಬಿಸಾಕಯ್ಯ, ಅದೇ ತಾನೆ ಅಡ್ಡ ಇರೋದು ಅಂದರು, ಇವನು ಪಾನಾ ತಂದು ಬೋಲ್ಟು ತಿರುಗಿಸಿ ಬಿಚ್ಚಿದ, ನಾನು ನೋಡುತ್ತಿದ್ದೆ, ಅಲ್ಲಾ, ಮಿಸ್ತ್ರಿ ಏನಂದಿದ್ದ ಅಂದೆ, ನೀ ನಿನ್ನ ಕಲ್ಲು ಆರಿಸು ಅಂದ. ಕತ್ತರಿಸುವುದಾದ ಮೇಲೆ ಪ್ಲಗ್ಗಿನ ವೈರು ಕಿತ್ತು ಕಟ್ಟಿಗೆಯಿಂದ ಅಲಗಿನ ಸುತ್ತ ಕೆರೆಯುತ್ತಾನೆ, ಅರದಿಂದ ಉಜ್ಜುತ್ತಾನೆ, ಉಜ್ಜಿದ ಅಲಗನ್ನು ಮೊಳೆಗೆ ಸಿಕ್ಕಿಸಿ ಎರಡೂ ಕಡೆ ತೂಕ ಸಮ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ, ತನ್ನ ಬೆರಳಿನ ಮೇಲೆ ಇರುವ ಕಾಳಜಿ ಇನ್ನೊಬ್ಬರ ಕಣ್ಣಿನ ಮೇಲೆ ಇಲ್ಲದೆ ಹೋಯಿತು.

ಆ ತಗಡನ್ನು ಬಿಸಾಕಿದ್ದರಾದರೂ ಚೆನ್ನಾಗಿತ್ತು. ಗೇಟಿನಲ್ಲಿ ಮೊದಲು ರೈಲು ಪಟ್ಟಿಯ ತುಂಡೊಂದನ್ನು ಗಂಟೆಯೆಂದು ಕಟ್ಟಿದ್ದರು, ತಾಸಿಗೊಮ್ಮೆ ಕಾವಲುಗಾರ ಅದನ್ನು ಹೊಡೆಯಬೇಕು, ಮಿಲ್ಲಿನ ಜನ ಅದನ್ನು ಕೇಳಿಯೇ ಊಟಕ್ಕೆ ಏಳುವುದು, ಯಾರೋ ಪುಣ್ಯಾತ್ಮ ಆ ತುಂಡನ್ನು ಗುಜರಿಗೆ ಹಾಕಿಬಿಟ್ಟ, ಕಾವಲುಗಾರ ಸಾಬಣ್ಣ ಬಂದು ಸಾಹೇಬರ ಮುಂದೆ ತಲೆ ಕೆರೆಯುತ್ತ ನಿಂತ, ಏನರ ಕಬ್ಬಿಣ ಕೊಡ್ರಿಯಪ್ಪಾ, ಹೊಡಿಲಾಕ ಏನೂ ಇಲ್ಲ, ಸಾಹೇಬರು ನೆಲದ ಮೇಲೆ ಬಿದ್ದಿದ್ದ ತಗಡನ್ನು ಕಾಲಿನಿಂದ ಸರಿಸಿ, ಇದನ್ನೇ ತೂಗುಹಾಕು ಅಂದರು. ಎರಡು ತೂತು ಇದ್ದೇ ಇದ್ದವು, ತಂತಿ ಪೋಣಿಸಿ ಕಟ್ಟಿದ, ರೈಲು ಪಟ್ಟಿಗಿಂತ ಚಂದ ಬಾರಿಸ್ತದಕ್ಕಾ ಎಂದು ನನಗೇ ಹೊಡೆದು ತೋರಿಸಿದ, ಸುಳ್ಳಲ್ಲ, ನಿಜಕ್ಕೂ ಚಂದವಾಗಿ ಬಾರಿಸುತ್ತದೆ, ಅದೇ ನನ್ನ ಹೊಟ್ಟೆ ಉರಿಸುವುದು. ಒಂದೇ ಕಡೆ ಹೊಡೆದೂ ಹೊಡೆದೂ ನಡುವೆ ಬಣ್ಣ ಹೋಗಿ ಹೊಳೆಯುತ್ತಿದೆ. ಸಾಬಣ್ಣನಿಗೆ ಅದು ಏನೆಂದು ಗೊತ್ತಿಲ್ಲ, ದೇವದುರ್ಗದ ಕಡೆಯ ಜಾಲಹಳ್ಳಿಯವನು, ಕುರಿ ಕಾಯ್ದು ಬೆಳೆದವನು, ಮಷೀನಿನ ಮಾತು ಅವನವರೆಗೆ ಹೋಗುವುದಿಲ್ಲ, ಗೇಟು ಕಾಯುತ್ತಾನೆ, ಅವನ ಹೆಂಡತಿ ಭೀಮವ್ವ ಕಾಂಪೌಂಡಿನ ಹಿಂದೆ ನಾಲ್ಕು ಕುರಿ ಕಟ್ಟಿಕೊಂಡು ಇರುತ್ತಾಳೆ, ಇರುತ್ತಿದ್ದಳು, ಈಗ ದವಾಖಾನೆಯಲ್ಲಿದ್ದಾಳೆ. ಮೊಹರಮ್ಮಿನಲ್ಲಿ ನಮ್ಮ ಮಾನ್ವಿಯ ಅಲಾಯಿಗೆ ನನ್ನ ಜೊತೆ ಬಂದು ಸಕ್ಕರೆ ಓದಿಸಿದವಳು, ನನ್ನ ಮಗಳ ಬಾಣಂತನಕ್ಕೆ ತನ್ನ ಹೊಸ ಕಂಬಳಿಯನ್ನೇ ತಂದು ಹೊದಿಸಿದವಳು, ಹಸಿರು ಹುಲ್ಲು ತಿಪ್ಪೆಗೆ ಹೋಗುವುದನ್ನು ನೋಡಲಾಗದವಳು, ಕುರುಬರವಳಲ್ಲವೇ, ಒಂದು ಎಸಳು ಚೆಲ್ಲಿದರೂ ಯಕ್ಕಾ ನನ ಕರಳು ಚುರ್ ಅಂತದ ಅನ್ನುವಳು. ಮೊದಲು ಆ ತಗಡು ಇದ್ದಾಗ ಹುಲ್ಲು ಮಷೀನಿನ ಮಗ್ಗುಲಲ್ಲೇ ಸಾಲಾಗಿ ಬೀಳುತ್ತಿತ್ತು, ಬಗ್ಗಿ ಬಗ್ಗಿ ಬಾಚಿಕೊಳ್ಳಬೇಕು, ತಗಡು ಹೋದ ಮೇಲೆ ದೂರ ಹಾರಿ ಬೀಳತೊಡಗಿತು, ಭೀಮವ್ವ ಮದರಂಗಿ ಬೇಲಿಯ ಕೆಳಗೆ ಗೋಣಿತಾಟು ಹಾಸಿ ಕೂತಳು, ಮಷೀನು ಅತ್ತ ಹಾಯ್ದಾಗಲೆಲ್ಲ ಹುಲ್ಲು ತಾನಾಗಿ ಬಂದು ತಾಟಿನ ಮೇಲೆ ಬೀಳುತ್ತಿತ್ತು, ನೋಡಕ್ಕಾ, ನನ ಕುರಿಗಿ ಸಾಹೇಬರ ಮಷೀನು ಮೇವು ಒಗೀತದ ಎಂದು ನಗುತ್ತಿದ್ದಳು. ಬ್ಯಾಡ ಭೀಮವ್ವಾ, ಅದರ ಬಾಯಿ ಮುಂದ ಕುಂದರಬ್ಯಾಡ ಅಂದೆ, ನೀ ಮುಂದ ಕಲ್ಲು ಆರಿಸ್ತಿಯಲ್ಲಕ್ಕಾ, ನಿನ ಕಣ್ಣ ಮ್ಯಾಲೆ ನನಗ ನಂಬಿಗಿ ಅದ ಅಂದಳು, ಯಾ ಅಲ್ಲಾ, ಇದೇ ಮಾತು ಆಡಬೇಕಿತ್ತೇ.

ನಾನು ಆರಿಸಿದ್ದೆ. ಅವತ್ತೂ ಆರಿಸಿದ್ದೆ, ಇವತ್ತಿನ ಹಾಗೆಯೇ ಅಂಗೈಯಿಂದ ಸವರಿ ಸವರಿ ಆರಿಸಿದ್ದೆ, ಕಲ್ಲು ಅಲ್ಲವೇ ಅಲ್ಲ ಅದು, ಹತ್ತಿಯ ಗಂಟು ಬಿಗಿಯುವ ಕಬ್ಬಿಣದ ಪಟ್ಟಿಯ ತುಂಡು, ಉಗುರಿನಷ್ಟು, ಮಿಲ್ಲಿನ ಮಣ್ಣು ತಂದು ಹುಲ್ಲು ಹಚ್ಚಿದರೆ ಮಣ್ಣಿನಲ್ಲಿ ಇರುವುದು ಮಿಲ್ಲೇ ತಾನೆ, ನೀರು ಬಿಟ್ಟಂತೆ ಒಳಗಿನದು ಮೇಲೆ ಏಳುತ್ತದೆ. ಅಲಗಿಗೆ ಏನೋ ತಾಕಿ ಟಣ್ ಅಂದಿತು, ಅದೇ ಹೊತ್ತಿಗೆ ಗೇಟಿನಲ್ಲಿ ಸಾಬಣ್ಣ ಗಂಟೆ ಹೊಡೆಯತೊಡಗಿದ, ಭೀಮವ್ವ ಕೂಗಿದ್ದು ನನಗೇ ಕೇಳಲಿಲ್ಲ, ಗಂಟೆ ಮುಗಿದಾಗ ಕೇಳಿತು, ತಿರುಗಿ ನೋಡಿದರೆ ತಾಟಿನ ಮೇಲೆ ಹಸಿರಿನ ಜೊತೆ ಕೆಂಪು. ಕಣ್ಣು ಉಳಿಯಲಿಲ್ಲ. ಡಾಕ್ಟರು ತೆಗೆದು ಬಟ್ಟಲಿನಲ್ಲಿಟ್ಟದ್ದು ಕಬ್ಬಿಣ, ಇವರ ಬಾಯಲ್ಲಿ ಮಾತ್ರ ಇನ್ನೂ ಕಲ್ಲು, ಕಲ್ಲು ಆರಿಸೋಳು ಕಲ್ಲು ಬಿಟ್ಟಿದ್ದಾಳೆ, ಯಾರು ಹೇಳಿದ್ರು ಅವಳಿಗೆ ಅಲ್ಲಿ ಕೂರೋಕೆ, ಎಂದು ಸಾಹೇಬರು ವರಾಂಡದಲ್ಲಿ ನಿಂತೇ ತೀರ್ಪು ಕೊಟ್ಟರು, ತಗಡಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ದವಾಖಾನೆಗೆ ಹೋದೆ, ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರು, ಉಳಿದ ಕಣ್ಣಿನಿಂದ ನನ್ನನ್ನು ನೋಡಿ, ಹ್ಯಾಂಗ ಬಿಟ್ಟಿಯಕ್ಕಾ ಆ ಕಲ್ಲು, ಅಂದಳು, ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಮೆಲ್ಲಗೆ ಅಂದಳು. ನಾ ಬಿಟ್ಟಿಲ್ಲ ಭೀಮವ್ವಾ ಅಂದೆ, ಮತ್ತ ನಿನ್ನ ಗಂಡನ ಹೇಳ್ಯಾನಲ್ಲ ನನ್ನ ಗಂಡಗ ಅಂದು ಗೋಡೆಯ ಕಡೆ ತಿರುಗಿದಳು, ಅದಾದ ಮೇಲೆ ನಾನು ಎಷ್ಟು ಹೇಳಿದರೂ ಗೋಡೆಗೆ ಹೇಳಿದಂತೆ. ಮನೆಗೆ ಬಂದು ಕೇಳಿದೆ, ಹೌದು, ಸಾಹೇಬರು ಹಾಂಗ ಹೇಳು ಅಂದರು, ಹೇಳಿದೆ, ನನ್ನ ಕೆಲಸ ಹೋದರ ಯಾರು ಕೊಡ್ತಾರ, ನೀ ಹೆಣಮಗಳು, ಒಂದ ಮಾತು ಹೊತ್ತಕೊಂಡರ ನಿನಗೇನು ಕಡಿಮಿ ಆಗ್ತದ, ಚುಪ್ ಇರು — ಅನ್ನ ಕಲಸುತ್ತಲೇ ಅಂದ, ಕಲಸುವ ಕೈ ನಿಲ್ಲಲಿಲ್ಲ. ನನಗೇನು ಕಡಿಮೆಯಾಗುತ್ತದೆ, ಏನೂ ಇಲ್ಲ, ಒಬ್ಬಳು ಗೆಳತಿ ಕಡಿಮೆಯಾಗುತ್ತಾಳೆ ಅಷ್ಟೆ, ಅವಳು ಸಾಯುವತನಕ ಆ ಖಾಲಿ ಕಣ್ಣು ಸವರಿಕೊಂಡಾಗಲೆಲ್ಲ ನನ್ನ ಹೆಸರು ನೆನೆಯುತ್ತಾಳೆ ಅಷ್ಟೆ. ಹೋಗಲಿ, ಈಗಲಾದರೂ ಆ ತಗಡು ತಂದು ಹಾಕಿ ಅಂದರೆ, ಈಗ ಹಾಕಿದರೆ ಅವತ್ತು ಇರಲಿಲ್ಲ ಎಂದು ಒಪ್ಪಿಕೊಂಡ ಹಾಗಂತೆ, ಇದು ಯಾವ ಊರಿನ ನ್ಯಾಯ, ಒಂದು ಕಣ್ಣು ಹೋದದ್ದನ್ನು ಮುಚ್ಚುವುದಕ್ಕೆ ಇನ್ನೊಂದು ಹೋದರೂ ಪರವಾಗಿಲ್ಲ, ಮಷೀನು ಬಾಯಿ ತೆರೆದುಕೊಂಡೇ ತಿರುಗಬೇಕು.

ಮದರಂಗಿ ಬೇಲಿ ಬಂತು, ಭೀಮವ್ವನ ಗೋಣಿತಾಟು ಇನ್ನೂ ಇಲ್ಲೇ ಬಿದ್ದಿದೆ, ಯಾರೂ ಎತ್ತಿಲ್ಲ, ಹುಲ್ಲು ಒಣಗಿ ಅಂಟಿದೆ, ನನ್ನ ಕಾಲು ನಿಂತವು, ಯಾಕೆ ನಿಂತವು, ನಡೆ, ಮುಂದೆ ಕಲ್ಲು ಇವೆ, ಇರಲಿ, ಬುಟ್ಟಿ ಕೆಳಗಿಟ್ಟೆ, ತಾಟಿನ ಮೇಲೆ ಕೂತೆ, ಅವಳು ಕೂರುತ್ತಿದ್ದಂತೆಯೇ ಮೊಣಕಾಲು ಮಡಚಿ, ಮಷೀನಿಗೆ ಎದುರಾಗಿ. ಇಲ್ಲಿಂದ ಬಾಯಿ ಕಾಣುತ್ತದೆ, ಕಪ್ಪಗೆ, ಹಸಿರು ಎಂಜಲು ಸುರಿಸುತ್ತ ನನ್ನ ಕಡೆಗೇ ಬರುತ್ತಿದೆ, ಹೆದರಿಕೆ ಇದೆ, ಯಾಕೆ ಇರಬಾರದು, ನನ್ನ ಕಣ್ಣೂ ಕಣ್ಣೇ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿದೆ. ಏಳು, ಏಳ್ ಬೇ ಮುನವ್ವರ್, ಹುಚ್ಚು ಹಿಡದದೇನು — ಅವನು. ಏನಮ್ಮಾ ಅದು, ಯಾರು ಹೇಳಿದ್ರು ಅಲ್ಲಿ ಕೂರೋಕೆ — ವರಾಂಡದಿಂದ ಸಾಹೇಬರು, ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಏಳುವುದಿಲ್ಲ ನಾನು. ಇಂಜಿನ್ನು ಗುಡುಗುಡು ಎಂದು ನಿಂತಿತು, ಅಲಗು ಇನ್ನೊಂದಿಷ್ಟು ತಿರುಗಿ ಸುಮ್ಮನಾಯಿತು, ಅವನು ಚಾವಿ ತೆಗೆದ, ಇಳಿದ. ಗೇಟಿನಲ್ಲಿ ಸಾಬಣ್ಣ ಗಂಟೆ ಹೊಡೆಯಲು ಸರಳು ಎತ್ತಿದ್ದಾನೆ, ಹೊತ್ತಾಗಿದೆ, ನನ್ನ ಬಾಯಿಂದ ಮಾತು ತಾನೇ ಹೊರಟಿತು, ಸಾಬಣ್ಣಾ, ಹೊಡೀಬ್ಯಾಡಪ್ಪ, ಅದನ್ನ ಬಿಚ್ಚಿ ಇಲ್ಲಿ ತಾ. ಅವನು ಸಾಹೇಬರನ್ನು ನೋಡಿದ, ನನ್ನನ್ನು ನೋಡಿದ, ಹೆಂಡತಿಯ ತಾಟಿನ ಮೇಲೆ ನಾನು ಕೂತದ್ದನ್ನು ನೋಡಿದ, ತಂತಿ ಬಿಚ್ಚಿ ತಗಡು ಎದೆಗೆ ಒತ್ತಿಕೊಂಡು ಬಂದ. ಬ್ಯಾಡ ಮುನವ್ವರ್, ಎಂದು ಹಲ್ಲಿನೊಳಗೇ ಅಂದ ನನ್ನ ಗಂಡ. ನಾ ಹೇಳಿದರ ಯಾರೂ ನಂಬೂದಿಲ್ಲ, ನೀನ ಹೇಳು, ಇಲ್ಲಂದರ ಚಾವಿ ಹಾಕು, ಚಾಲೂ ಮಾಡು, ನಾ ಇಲ್ಲೇ ಕುಂತಿರ್ತೀನಿ, ಅಂದೆ. ಅವನ ಕೈ ಜೇಬಿನ ಕಡೆ ಹೋಯಿತು, ಚಾವಿಗೋ ಅಂದುಕೊಂಡೆ, ಪಾನಾ ಬಂತು, ಸಾಬಣ್ಣನ ಕೈಯಿಂದ ತಗಡು ತೆಗೆದುಕೊಂಡು ಮಷೀನಿನ ಬಾಯಿಗೆ ಹಿಡಿದ, ತೂತಿಗೆ ತೂತು ಕೂಡಿತು, ಸಾಹೇಬರು ಏನೋ ಕೂಗುತ್ತಿದ್ದಾರೆ, ಕೂಗಲಿ. ಇದು ಇಲ್ಲಿ ಇರಬೇಕಾಗಿತ್ತು ಸಾಬಣ್ಣ, ಇದ್ದಿದ್ದರ ಆ ತುಂಡು ಇದಕ್ಕ ಬಡಿದು ಬೀಳ್ತಿತ್ತು, ನಾನ ಬಿಚ್ಚಿದಂವ, ಆಕೀ ಏನೂ ಬಿಟ್ಟಿಲ್ಲ, ಅಂದ ನನ್ನ ಗಂಡ, ತಲೆ ಎತ್ತದೆ ಅಂದ, ಆದರೂ ಅಂದ. ಸಾಬಣ್ಣ ಕುಕ್ಕರುಗಾಲಲ್ಲಿ ಕೂತ, ಹೊಡೆಯುವ ಸರಳು ಇನ್ನೂ ಒಂದು ಕೈಯಲ್ಲೇ ಇದೆ, ಇನ್ನೊಂದು ಕೈಯ ಹೆಬ್ಬೆರಳನ್ನು ತಗಡಿನ ನಡುವಿನ ಹೊಳಪಿನ ಮೇಲಿಟ್ಟ, ತಾನೇ ಹೊಡೆದು ಹೊಡೆದು ಮಾಡಿದ್ದು, ತಾಸುತಾಸಿಗೂ ಹೊಡೆದದ್ದು, ಭೀಮವ್ವ ಕೂಗಿದ ಆ ತಾಸಿನಲ್ಲೂ ಹೊಡೆದದ್ದು, ಉಜ್ಜಿದ, ಏನೋ ಅಂಟಿದೆ ಎಂಬಂತೆ ಉಜ್ಜಿದ, ಮತ್ತೆ ಉಜ್ಜಿದ, ಬಿಡು ಸಾಬಣ್ಣ, ಅದು ಹೋಗುವುದಿಲ್ಲ, ಹೆಬ್ಬೆರಳು ಸರಿಯಿತು, ಮಿಂಚಿತು, ರೂಪಾಯಿಯಗಲ, ಹೆಬ್ಬೆರಳು ಬಂತು, ಮುಚ್ಚಿತು, ಸರಿಯಿತು, ಮಿಂಚಿತು