ಲೀಸ್ಬೆತ್ ಮಡಚಿದ ಪಂಪು

ಎವಾಲ್ಡ್ ಪುಟ್ಟ ಸಲಿಕೆಯನ್ನು ಮಣ್ಣಿಗೆ ಚುಚ್ಚಿದ. ಮೊದಲ ಸಲದ ಮಣ್ಣು ಶವಪೆಟ್ಟಿಗೆಯ ಮೇಲೆ ಬಿದ್ದು ದಪ್ಪೆಂದಿತು. ಎರಡನೆಯದೂ ಬಿತ್ತು. ಮೂರನೆಯದರಲ್ಲಿ ಅರ್ಧ ಅವನದೇ ಬೂಟಿನ ಮೇಲೆ ಸುರಿಯಿತು.

"ಬೇಗ ಹಾಕಿ ಡಾಕ್ಟರ್ರೇ, ಹಿಂದೆ ಇನ್ನೂ ನಲವತ್ತು ಜನ ನಿಂತಿದಾರೆ," ಎಂದು ಬೆನ್ನ ಹಿಂದಿನಿಂದ ಫೀನಾ ಪಿಸುಗುಟ್ಟಿದಳು. ತೀರಿಕೊಂಡ ಲೀಸ್ಬೆತ್‌ಳ ತಂಗಿ ಅವಳು. ಅತ್ತು ಅತ್ತು ಮೂಗು ಕೆಂಪಾಗಿದ್ದರೂ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಎವಾಲ್ಡ್ ರೋಗಿಗಳನ್ನು ನೋಡುವ ಡಾಕ್ಟರಲ್ಲ, ಓದಿ ಡಾಕ್ಟರೇಟ್ ಪಡೆದ ಎಂಜಿನಿಯರು. ಆದರೆ ಆಖೆನ್ ಊರಿನಲ್ಲಿ ಒಮ್ಮೆ ಡಾಕ್ಟರ್ ಅನ್ನಿಸಿಕೊಂಡವನು ಸಾಯುವ ತನಕ ಡಾಕ್ಟರೇ.

ಗುಂಡಿಯ ಪಕ್ಕದಲ್ಲಿ ಲೀಸ್ಬೆತ್‌ಳ ಗಂಡ ಯುಪ್ ನಿಂತು ಬಂದವರ ಕೈ ಹಿಡಿಯುತ್ತಿದ್ದ. ನಲವತ್ತು ವರ್ಷ ಊರ ಬಸ್ಸು ಓಡಿಸಿದ ಕೈ, ದಪ್ಪ ಕೈ. ಎವಾಲ್ಡ್ ಅದನ್ನು ಹಿಡಿದುಕೊಂಡವನು ಬಿಡಲೇ ಇಲ್ಲ.

"ಯುಪ್, ನಿಮಗೊಂದು ಮಾತು ಹೇಳ್ಬೇಕಿತ್ತು."

"ಕಾಫಿಗೆ ಬನ್ನಿ, ಅಲ್ಲಿ ಹೇಳಿ. ನಿಮ್ಮನ್ನ ಅವಳು ಯಾವತ್ತೂ ಬಿಟ್ಟುಕೊಡ್ತಿರಲಿಲ್ಲ ಕಣ್ರೀ."

ಆ ಮಾತು ಕೇಳಿ ಎವಾಲ್ಡನಿಗೆ ಅಲ್ಲಿಂದಲೇ ಮನೆಗೆ ಹೋಗಿಬಿಡೋಣ ಅನ್ನಿಸಿತು.

* * *

ಹತ್ತೊಂಬತ್ತು ವರ್ಷದ ಹಿಂದೆ ಅವನೂ ಲೀಸ್ಬೆತ್‌ಳೂ ಒಂದೇ ಮೇಜಿನ ಎರಡು ಬದಿಗೆ ಕೂತು ಒಂದು ಪಂಪು ರೂಪಿಸುತ್ತಿದ್ದರು. ಅದು ಪೆನ್ಸಿಲ್ಲಿಗಿಂತ ಸಣ್ಣಗೆ ಮಡಚಿಕೊಂಡು ತೊಡೆಯ ರಕ್ತನಾಳದೊಳಗೆ ಹೋಗಬೇಕು. ಹೃದಯದ ಬಾಗಿಲಲ್ಲಿ ಕೊಡೆಯ ಹಾಗೆ ಬಿಚ್ಚಿಕೊಳ್ಳಬೇಕು. ಸೋತ ಹೃದಯದ ಪರವಾಗಿ ನಾಲ್ಕು ದಿನ ರಕ್ತ ತಳ್ಳಿ, ಮತ್ತೆ ಮಡಚಿಕೊಂಡು ಬಂದ ದಾರಿಯಲ್ಲೇ ವಾಪಸು ಬರಬೇಕು. ಲೆಕ್ಕ ಎಲ್ಲ ಎವಾಲ್ಡನದು, ಕೈ ಲೀಸ್ಬೆತ್‌ಳದು. ಪಂಪಿನ ಮೆತ್ತನೆಯ ರೆಕ್ಕೆಗಳು ಯಾವ ಕಡೆಗೆ ಬಾಗಿದರೆ ಒಂದರ ಮೇಲೊಂದು ಕೂರುತ್ತವೆ ಎಂಬುದು ಲೆಕ್ಕಕ್ಕೆ ಸಿಗದೆ ಹೋದಾಗ ಅದನ್ನು ಕಂಡುಹಿಡಿದವಳೂ ಅವಳೇ.

ಜಗಳ ಹುಟ್ಟಿದ್ದು ಡಬ್ಬಿಯ ವಿಚಾರಕ್ಕೆ. ಮಡಚಿಟ್ಟ ಪಂಪನ್ನೇ ಡಬ್ಬಿಗೆ ಹಾಕಿ ಆಸ್ಪತ್ರೆಗೆ ಕಳಿಸಬೇಕು, ಡಾಕ್ಟರು ಡಬ್ಬಿ ಒಡೆದ ಕೂಡಲೇ ಒಳಗೆ ಸೇರಿಸುವಂತಿರಬೇಕು ಎಂಬುದು ಎವಾಲ್ಡನ ಹಟ. ಹಾಗೆಂದು ಅವನು ಮೇಲಿನವರಿಗೆ ಮಾತನ್ನೂ ಕೊಟ್ಟಿದ್ದ.

ಲೀಸ್ಬೆತ್‌ಳ ಅಜ್ಜಿ ಸೂಜಿ ಕಾರ್ಖಾನೆಯವಳು. ಅಲ್ಲಿ ಕೆಟ್ಟ ಸೂಜಿಯನ್ನು ಕಿರುಬೆರಳಿನಿಂದ ತಳ್ಳಿ ಬೇರೆ ಮಾಡುತ್ತಿದ್ದರು. ಲೀಸ್ಬೆತ್ ಅವನ ಡಬ್ಬಿಯನ್ನು ಅದೇ ಬೆರಳಿನಿಂದ ಮೇಜಿನ ಅಂಚಿನ ತನಕ ತಳ್ಳಿದಳು.

"ಆಗಲ್ಲ ಡಾಕ್ಟರ್ರೇ. ಆರು ತಿಂಗಳು ಮಡಚಿಟ್ರೆ ರೆಕ್ಕೆಗೆ ಅದೇ ಅಭ್ಯಾಸ ಆಗಿಬಿಡುತ್ತೆ, ಆಮೇಲೆ ಪೂರ್ತಿ ಬಿಚ್ಕೊಳ್ಳಲ್ಲ. ಬಿಚ್ಚಿದ ಪಂಪನ್ನೇ ಕಳಿಸಿ, ಜೊತೆಗೊಂದು ಲಾಳಿಕೆ ಇಡಿ. ಒಳಗೆ ಹಾಕೋ ಹೊತ್ತಿಗೆ ಅದರಲ್ಲಿ ಎಳೆದ್ರೆ ತಾನೇ ಮಡಚ್ಕೊಳ್ಳುತ್ತೆ."

"ದೊಡ್ಡ ದೊಡ್ಡ ಡಾಕ್ಟರುಗಳು ನಿನ್ನ ಹಾಗೆ ಕೂತು ಮಡಚ್ತಾರಾ?"

"ಅವರಿಗೆ ಬರದಿದ್ರೆ ನರ್ಸಮ್ಮ ಮಡಚ್ತಾಳೆ ಬಿಡಿ."

ನಡೆದದ್ದು ಎವಾಲ್ಡನ ಮಾತೇ. ಆರು ತಿಂಗಳಾದ ಮೇಲೆ ಡಬ್ಬಿ ಒಡೆದು, ಕಸಾಯಿಖಾನೆಯಿಂದ ತಂದ ರಕ್ತದಲ್ಲಿ ಪಂಪನ್ನು ಓಡಿಸಿದರು. ಆ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಗಿರ್ರನೆ ತಿರುಗಿಸಿದರೆ ಮೇಲೆ ತಿಳಿ ನಿಲ್ಲುತ್ತದೆ. ತಿಳಿ ಒಣಹುಲ್ಲಿನ ಬಣ್ಣಕ್ಕಿದ್ದರೆ ಪಂಪು ಸರಿ ಇದೆ ಎಂದು ಅರ್ಥ. ಗುಲಾಬಿಯಾದರೆ ಪಂಪು ರಕ್ತದ ಕಣಗಳನ್ನು ಸೀಳಿದೆ. ಅಂದು ನಿಂತ ತಿಳಿ ಗುಲಾಬಿಯಾಗಿತ್ತು.

ಆ ಸಂಜೆ ಎವಾಲ್ಡ್ ಒಬ್ಬನೇ ಉಳಿದು, ಲೀಸ್ಬೆತ್ ಬೆಳಿಗ್ಗೆಯಷ್ಟೇ ಮಡಚಿದ್ದ ಇನ್ನೊಂದು ಪಂಪನ್ನೂ ಓಡಿಸಿ ನೋಡಿದ. ಅದೇ ರಕ್ತ, ಅದೇ ಕೈಯ ಮಡಿಕೆ. ತಿಳಿ ಒಣಹುಲ್ಲಿನಷ್ಟು ಶುದ್ಧವಾಗಿತ್ತು. ಆ ಕೊಳವೆಯನ್ನು ಅವನು ತೊಟ್ಟಿಯಲ್ಲಿ ಚೆಲ್ಲಿ ತೊಳೆದುಬಿಟ್ಟ. ವರದಿಯಲ್ಲಿ 'ಕೈಮಡಿಕೆಯಲ್ಲಿ ಏರುಪೇರು' ಎಂದು ಬರೆದ. ಮಡಚಲು ಯಂತ್ರ ತರಿಸಿದರೆ ಸರಿಹೋಗುತ್ತದೆಂದು ಮೇಲಿನವರು ನಂಬಿದರೆ ಕೆಲಸ ಉಳಿದೀತು ಎಂದುಕೊಂಡಿದ್ದ. ಕೆಲಸ ಉಳಿಯಲಿಲ್ಲ, ಆ ವರ್ಷವೇ ಮೇಲಿನವರು ಅದಕ್ಕೆ ಬಾಗಿಲು ಹಾಕಿದರು.

ಲೀಸ್ಬೆತ್ ವರದಿ ಓದಿ ಬಂದು ಮೇಜಿನೆದುರು ನಿಂತಳು.

"ನನ್ನ ಕೈಯೇ?"

"ಹಾಗೆ ಕಾಣುತ್ತೆ," ಎಂದಿದ್ದ ಎವಾಲ್ಡ್.

* * *

ಸ್ಮಶಾನದ ಎದುರಿನ ಹೋಟೆಲಿನಲ್ಲಿ ಫೀನಾ ಅಕ್ಕಿ-ಹಾಲು ತುಂಬಿದ ಫ್ಲಾಡೆನ್ ಎಂಬ ಸಿಹಿ ಕೇಕಿನ ತಟ್ಟೆ ಹಿಡಿದು ಎಲ್ಲರ ಬಾಯಿಗೂ ತುರುಕುವವಳ ಹಾಗೆ ಓಡಾಡುತ್ತಿದ್ದಳು.

"ತಿನ್ನಿ ಡಾಕ್ಟರ್ರೇ. ಲೀಸ್ಬೆತ್ ಇದ್ದಿದ್ರೆ ಎರಡು ತುಂಡು ಹಾಕೋಳು. ಈ ಯುಪ್ ನೋಡಿ, ಇವತ್ತೂ ಕರವಸ್ತ್ರ ಎಷ್ಟು ಚೌಕಾಕಾರ ಮಡಚಿಟ್ಟಿದಾನೆ ಅಂತ!"

"ನಾನಲ್ದೆ ಇನ್ಯಾರು ಮಡಚ್ಬೇಕು?" ಎಂದ ಯುಪ್. "ಮನೇಲಿ ಬಟ್ಟೆ, ಚಾದರ, ಮೇಜಿನ ಹಾಸು, ಎಲ್ಲಾ ನಂದೇ. ಬಸ್ ಡ್ರೈವರ್ ಒಳ್ಳೆ ಅಗಸ ಆದ ಅಂತ ಡಿಪೋದಲ್ಲಿ ನಗ್ತಿದ್ರು."

"ಅವಳು ಯಾಕೆ ಮಡಚ್ತಿರಲಿಲ್ಲ?" ಎವಾಲ್ಡ್ ಕೇಳಿದ. ಕೇಳಿದ ಮೇಲೆ, ಯಾಕಾದರೂ ಕೇಳಿದೆನೋ ಅನ್ನಿಸಿತು.

"ನಿಮ್ಮ ಪಂಪು ಹೋಯ್ತಲ್ಲ, ಅವತ್ತಿಂದ. 'ಯುಪ್, ನನ್ನ ಕೈನ ನಂಬಬೇಡ, ಅದರಿಂದ ಆ ಪಂಪು ಬರದೆ ಎಷ್ಟೋ ಜನರ ಹೃದಯ ನಿಂತುಹೋಯ್ತು' ಅನ್ನೋಳು. ಹುಚ್ಚಿ ಅಂತ ಬೈತಿದ್ದೆ. ಒಂದು ಟವೆಲ್ ಮಡಚಲಿಲ್ಲ ಕಣ್ರೀ ಹತ್ತೊಂಬತ್ತು ವರ್ಷ."

ಎವಾಲ್ಡ್ ಚಮಚ ಕೆಳಗಿಟ್ಟ. "ಅವಳ ಕೈ ಸರಿಯಾಗೇ ಇತ್ತು. ತಪ್ಪು ನಂದು. ಅವಳು ಬೇಡ ಅಂದ್ರೂ ಮಡಚಿಟ್ಟು ಕೆಡಿಸಿದೆ. ಅವಳ ಮಡಿಕೆ ಸರಿ ಅನ್ನೋದಕ್ಕೆ ಪುರಾವೆ ಇತ್ತು, ನಾನೇ ಚೆಲ್ಲಿದೆ. ತಪ್ಪನ್ನ ಅವಳ ಕೈ ಮೇಲೆ ಹಾಕಿ ವರದಿ ಬರೆದೆ."

ಫೀನಾ ತಟ್ಟೆ ಹಿಡಿದೇ ಪಕ್ಕದ ಕುರ್ಚಿಯಲ್ಲಿ ಕುಸಿದಳು.

"ಇದು ಅವಳಿಗೆ ಗೊತ್ತಿತ್ತಾ?" ಎಂದ ಯುಪ್.

"ಇಲ್ಲ. ಪ್ರತಿ ಕ್ರಿಸ್ಮಸ್ಸಿಗೂ ಹೇಳೋಣ ಅಂತಲೇ ಕಾರ್ಡು ಬರೆಯೋಕೆ ಕೂರ್ತಿದ್ದೆ."

"ಹೌದು, ಕಾರ್ಡು ಬರ್ತಿದ್ವು. ಚಳಿ ಜಾಸ್ತಿ ಅಂತ ಬರೀತಿದ್ರಿ. ಅವಳು ಅಷ್ಟನ್ನೂ ಜೋರಾಗಿ ಓದಿ ಹೇಳೋಳು."

ಯುಪ್ ಕಪ್ಪನ್ನು ಸರಿಸಿ ಎದ್ದು ನಿಂತ.

"ಕೋಟು ಹಾಕ್ಕೊಳ್ಳಿ."

"ಎಲ್ಲಿಗೆ?"

"ನನಗೆ ಹೇಳಿ ಏನು ಬಂತು?"

ಸ್ಮಶಾನದಲ್ಲಿ ಪುಟ್ಟದೊಂದು ಹಳದಿ ಯಂತ್ರ ಗುಡುಗುಡು ಸದ್ದು ಮಾಡುತ್ತ ಗುಂಡಿ ಮುಚ್ಚುತ್ತಿತ್ತು. ಯುಪ್ ಅದರೆದುರು ಹೋಗಿ ಅಂಗೈ ಎತ್ತಿ ನಿಂತ. ಚಾಲಕ ಬಗ್ಗಿ ನೋಡಿದ. "ಏನಾದ್ರೂ ಬಿದ್ದುಹೋಯ್ತಾ ಸಾರ್? ಉಂಗುರಗಿಂಗುರ?"

"ಇಲ್ಲಪ್ಪ. ಇವರು ನನ್ನ ಹೆಂಡತಿಗೊಂದು ಮಾತು ಹೇಳ್ಬೇಕು. ಸ್ವಲ್ಪ ನಿಲ್ಸು."

ಚಾಲಕ ಒಬ್ಬರ ಮುಖವನ್ನು ನೋಡಿದ, ಇನ್ನೊಬ್ಬರ ಮುಖವನ್ನು ನೋಡಿದ, ಕೀಲಿ ತಿರುಗಿಸಿದ. ಯಂತ್ರದ ಬಾಯಿ ಮಣ್ಣು ತುಂಬಿಕೊಂಡು ಗುಂಡಿಯ ಮೇಲೆ ಗಾಳಿಯಲ್ಲೇ ನಿಂತಿತು. ಅದರ ಹಲ್ಲುಗಳ ಸಂದಿಯಿಂದ ಹೆಂಟೆಗಳು ಒಂದೊಂದಾಗಿ ಉದುರುತ್ತಿದ್ದವು. ಎವಾಲ್ಡ್ ಟೋಪಿ ತೆಗೆದ. ಗುಂಡಿಯತ್ತ ಬಗ್ಗಿ "ಲೀಸ್ಬೆತ್," ಎಂದು ಮೆಲ್ಲಗೆ ಕರೆದ.

"ಜೋರಾಗಿ ಹೇಳಿ," ಎಂದ ಯುಪ್. "ಮಣ್ಣು ಆಗಲೇ ತುಂಬಾ ಬಿದ್ದುಬಿಟ್ಟಿದೆ."