ಜೇಬಿನಲ್ಲಿದ್ದ ಫ್ಯೂಸು

ನಮ್ಮವರಿಗೆ ಮೋಟಾರು ರಿವೈಂಡಿಂಗ್ ಕೆಲಸ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು "ಬೇರಿಂಗ್ ಹೋಗಿದೆ" ಎಂದರೆ ಹೋಗಿದೆ ಎಂದೇ ಲೆಕ್ಕ. ಆ ಕಿವಿಯಿಂದಲೇ ನಮ್ಮ ಹೊಟ್ಟೆ ತುಂಬುತ್ತಿತ್ತು.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು: ಬೋರ್ಡಿಗೆ ಕೈ ಹಾಕುವವನು ಮೇನ್ ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಆ ಅವಘಡದ ದಿನವೂ ಫ್ಯೂಸು ಇವರ ಜೇಬಿನಲ್ಲೇ ಇತ್ತು. ಆದರೆ ಅಂಗಡಿಯ ಪಾಲುದಾರ ನನ್ನ ಅಣ್ಣ. ಅವನ ಅವಸರಕ್ಕಿಷ್ಟು ಬೆಂಕಿ ಬೀಳಲಿ. ಉಳಿಯೊಂದನ್ನು ಸಾಣೆ ಹಿಡಿಯಲು ಕರೆಂಟು ಬೇಕಿತ್ತಂತೆ, ಹೊರಗೆ ಫ್ಯೂಸಿನ ಜಾಗಕ್ಕೆ ತಂತಿ ತುರುಕಿದ. ಒಳಗೆ ಇವರು ಬೋರ್ಡಿಗೆ ಕಚ್ಚಿಕೊಂಡು ಒದ್ದಾಡಿದರು. ಕೊನೆಗೆ ಅಣ್ಣನೇ ಮರದ ಹಲಗೆಯಿಂದ ಹೊಡೆದು ಬಿಡಿಸಿದ.

ಸುಟ್ಟ ಬೆರಳುಗಳು ಮಾಗಿದವು. ಕಿವಿಯೊಳಗೆ ಮಾತ್ರ ಮೋಟಾರೊಂದು ಓಡುತ್ತಲೇ ಉಳಿಯಿತು. ಶಾಕಿಗೆ ಕಿವಿಯ ನರ ಕೆಟ್ಟಿದೆ, ಸರಿಹೋಗುವುದು ಅನುಮಾನ ಎಂದರು ಡಾಕ್ಟರು. ನನ್ನ ಮಾತೂ ತಗಡಿನ ಡಬ್ಬದೊಳಗಿಂದ ಬಂದಂತೆ ಕೇಳುತ್ತದಂತೆ. "ಆಫ್ ಮಾಡೇ ಅದನ್ನ!" ಎಂದು ಅರಚಿ ಫ್ಯಾನು ಮುರಿದರು, ಮಿಕ್ಸಿಯನ್ನು ಗೋಡೆಗೆ ಎಸೆದರು. ಅಣ್ಣ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಡಂಗುರ ಸಾರುತ್ತಿದ್ದ: "ನಾನಿಲ್ದಿದ್ರೆ ಭಾವ ಸತ್ತೇ ಹೋಗ್ತಿದ್ರು."

ಇವತ್ತು ಊಟದ ಡಬ್ಬಿ ಕೊಡಲು ಹೋದರೆ, ಇವರು ಅಣ್ಣನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತು ಕತ್ತು ಹಿಸುಕುತ್ತಿದ್ದರು. ಪಕ್ಕದ ಗೋಡೆಯಲ್ಲಿ ಬೋರ್ಡು ಬಿಚ್ಚಿಕೊಂಡಿತ್ತು.

"ಮತ್ತೆ ತಂತಿ ಹಾಕಿದ್ದೀಯ ಅಲ್ವೇನೋ! ಮೋಟಾರ್ ಓಡ್ತಿರೋದು ಕೇಳ್ತಿದೆ ನಂಗೆ!"

ಅಂಗಡಿಯಲ್ಲಿ ಒಂದು ಚಕ್ರವೂ ತಿರುಗುತ್ತಿರಲಿಲ್ಲ. "ಬಿಡ್ರೀ, ಸಾಯ್ತಾನೆ!" ಎಂದು ಕಿರುಚಿದೆ, ಕೂದಲು ಹಿಡಿದು ಜಗ್ಗಿದೆ. ಅಣ್ಣನ ಮುಖ ಕಪ್ಪಿಟ್ಟಿತು. ಇವರ ಜೇಬಿನಿಂದ ಫ್ಯೂಸು ತೆಗೆದು ಕಣ್ಣೆದುರು ಹಿಡಿದೆ.

"ಅವತ್ತೂ ಜೇಬಲ್ಲೇ ಇತ್ತಲ್ಲ!"

ಅದೂ ನಿಜವೇ. ಬೇರೆ ದಾರಿ ಕಾಣದೆ, ಅವರು ನೋಡುತ್ತಿದ್ದಂತೆಯೇ ಬೋರ್ಡಿನ ಬರಿ ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದೆ. ಅಣ್ಣ ಮತ್ತೆ ಅದೇ ಕೆಲಸ ಮಾಡಿಲ್ಲವೆಂದು ನನಗೂ ಖಾತ್ರಿಯಿರಲಿಲ್ಲ.

ಏನೂ ಆಗಲಿಲ್ಲ. ಇವರ ಹಿಡಿತ ಸಡಿಲವಾಯಿತು.

"ಹಾಗಾದ್ರೆ ಇದು ನಿಲ್ಲೋದೇ ಇಲ್ವೇನೇ?" ಎಂದು ಕೇಳಿ ಬಿಕ್ಕಿದರು.

ಅಣ್ಣ ಕೆಮ್ಮುತ್ತ ಎದ್ದ. "ನೋಡಿದ್ಯಾ? ಇಂಥವನನ್ನ ನಾನು ಉಳಿಸಿದ್ದು!"

ಆ ಹಲಗೆ ಮೂಲೆಯಲ್ಲೇ ಇತ್ತು. ಎತ್ತಿ ಅವನ ದವಡೆಗೆ ಬಾರಿಸಿದೆ. ಹಲ್ಲು ಉದುರಿತು, ರಕ್ತ ಚಿಮ್ಮಿತು, ಅವನ ಬೊಬ್ಬೆಗೆ ಬೀದಿಯೇ ನೆರೆಯಿತು. ನಮ್ಮವರು ಮಾತ್ರ ಅತ್ತ ತಿರುಗಲೂ ಇಲ್ಲ. ಸ್ಕ್ರೂಡ್ರೈವರ್ ಹಿಡಿದು, ನಿಂತುಹೋಗಿದ್ದ ಮೋಟಾರುಗಳಿಗೆ ಒಂದೊಂದಾಗಿ ಕಿವಿಗೊಡುತ್ತ ಹೋದರು.