ಮಂಜಿನಲ್ಲಿ ಮುಂದಿದ್ದ ಕೆಂಪು ದೀಪ

ಗುರುಪಾದಯ್ಯ ನಿಲಂಗಾ ಬಿಡುವಾಗಲೇ ಬೆಳಗಿನ ಮಂಜು ಕವಿದಿತ್ತು. ವಲಾಂಡಿಯಲ್ಲಿ ವೈಜನಾಥನ ಹೊಸ ಮನೆಯ ಪೂಜೆ ಮಾಡಿಸಬೇಕಿತ್ತು, ಮುಹೂರ್ತ ಕಾಯುವುದಿಲ್ಲ. ಬೈಕಿನ ಹಿಂದೆ ಹೆಂಡತಿ ಗುರಮ್ಮ, ಅವಳ ತೊಡೆಯ ಮೇಲೆ ಬಿಲ್ವಪತ್ರೆಯ ಚೀಲ.

ಊರು ದಾಟಿದ ಮೇಲೆ ರಸ್ತೆಯ ಅಂಚೂ ಕಾಣದಾಯಿತು. ಹೆಡ್‌ಲೈಟಿನ ಬೆಳಕು ಮಂಜಿಗೆ ಬಡಿದು ಅವನ ಕಣ್ಣಿಗೇ ರಾಚುತ್ತಿತ್ತು. ಅಷ್ಟರಲ್ಲಿ ಒಂದು ಸ್ಕೋಡಾ ಕಾರು ಅವರನ್ನು ದಾಟಿ ನಿಧಾನಕ್ಕೆ ಮುಂದೆ ಸಾಗಿತು. ಅದರ ಹಿಂಬದಿಯ ಉಳಿದ ದೀಪಗಳು ಮಂಜಿನಲ್ಲಿ ಮಸುಕಾಗಿದ್ದವು; ಬಲಕ್ಕೆ ಒಂದೇ ಕೆಂಪು ದೀಪ, ಕೆಂಡದ ಹಾಗೆ ಉರಿಯುತ್ತಿತ್ತು.

“ಇಷ್ಟ ದೊಡ್ಡ ಗಾಡಿ, ಒಂದು ಬಲ್ಬ್ ಹೋಗ್ಯಾದ ನೋಡು,” ಎಂದ ಗುರುಪಾದಯ್ಯ.

“ಇದ್ದದ್ದು ಚಂದ ಕಾಣಸ್ತದಲ್ರಿ. ಅದರ ಹಿಂದಿಂದೇ ಹೋಗ್ರಿ,” ಎಂದಳು ಗುರಮ್ಮ.

ಹಾಗೇ ಹೋದರು. ದೇವಣಿ ರಸ್ತೆಯ ಒಂದು ತಿರುವಿನಲ್ಲಿ ಕಾರಿನ ಬ್ರೇಕ್ ದೀಪಗಳೂ ಭಗ್ಗನೆ ಹೊತ್ತಿದವು. ಗುರುಪಾದಯ್ಯ ಬ್ರೇಕ್ ಒತ್ತಿದ. ಬೈಕು ಜಾರಿ, ಓಲಾಡಿ, ಕಾರಿಗೆ ಗೇಣಿನ ಅಂತರದಲ್ಲಿ ನಿಂತಿತು.

ಕಾರಿನ ಮುಂದೆ ಕಬ್ಬಿನ ಟ್ರೇಲರ್ ರಸ್ತೆಗೆ ಅಡ್ಡ ಬಿದ್ದಿತ್ತು. ಅದಕ್ಕೆ ದೀಪವೇ ಇರಲಿಲ್ಲ. ಟ್ರ್ಯಾಕ್ಟರಿನವನು ಗಾಯವಿಲ್ಲದೆ ಬದಿಯಲ್ಲಿ ಕುಳಿತಿದ್ದ. ಗುರುಪಾದಯ್ಯ ಬೈಕು ಇಳಿದು ಟ್ರೇಲರನ್ನು ನೋಡಿದ. ಈ ಕಾರು ಮುಂದೆ ಇರದಿದ್ದರೆ ನೇರ ಅದರೊಳಗೇ ನುಗ್ಗುತ್ತಿದ್ದೆವು!

ಕಾರು ನಡೆಸುತ್ತಿದ್ದ ಹೆಂಗಸು ಕೆಳಗಿಳಿದಳು, ದನದ ಡಾಕ್ಟರು ಸಾರಿಕಾ. ಲೋಹಾರಾದಿಂದ ದೇವಣಿಯ ದವಾಖಾನೆಗೆ ಹೊರಟಿದ್ದಳು. “ಪೆಟ್ಟಾಗಿಲ್ಲಲ್ರೀ ಅಯ್ಯನೋರೆ?”

“ಇಲ್ಲ ತಾಯಿ. ನಿಮ್ಮ ಒಂದು ದೀಪಾನೇ ನಮ್ಮನ್ನ ಉಳಿಸ್ತು. ಇನ್ನೊಂದು ಹೋಗ್ಯಾದ.”

ಸಾರಿಕಾ ನಕ್ಕಳು. “ಹೋಗಿಲ್ರೀ. ಇದು ಮಂಜಿನ ದೀಪ, ಈ ಗಾಡಿಗೆ ಒಂದೇ ಇರ್ತದ. ನನಗ ದಾರಿ ಕಾಣಲಿಕ್ಕಲ್ಲ, ಹಿಂದಿನವರಿಗೆ ನಾ ಕಾಣಲಿ ಅಂತ.”

“ನಾವು ಹಿಂದ ಇದ್ದದ್ದು ನಿಮಗ ಗೊತ್ತಿತ್ತೇನವಾ?” ಗುರಮ್ಮ ಕೇಳಿದಳು.

“ಇಲ್ರೀ. ಯಾರರೆ ಇದ್ದಾರು ಅಂತ ಹಚ್ಚಿದ್ದೆ.”

ಗುರಮ್ಮ ಅವಳ ಕೈ ಹಿಡಿದುಕೊಂಡು ಹೆಸರು ಕೇಳಿದಳು. ಸಾರಿಕಾ ದೀಪ ಆರಿಸಲಿಲ್ಲ. ಹಿಂದೆ ಬಂದ ಉದಗೀರ ಬಸ್ಸೂ ಅದನ್ನು ಕಂಡೇ ದೂರದಲ್ಲಿ ನಿಂತಿತು. ಪ್ರಯಾಣಿಕರು ಇಳಿದು ಕಬ್ಬು ಸರಿಸಿ, ಒಂದು ಗಾಡಿ ಹೋಗುವಷ್ಟು ದಾರಿ ಮಾಡಿದರು.

ವಲಾಂಡಿಯಲ್ಲಿ ಪೂಜೆ ತಡವಾಗಿಯೇ ಶುರುವಾಯಿತು. ಮನೆಯವರ ಹೆಸರೆಲ್ಲ ಹೇಳಿ ಹರಸಿದ ಗುರುಪಾದಯ್ಯ, ಕೊನೆಗೆ ಸಾರಿಕಾಳ ಹೆಸರನ್ನೂ ಸೇರಿಸಿದ.

“ಈಕಿ ಯಾರ್ರೀ ಅಯ್ಯನೋರೆ? ನಮ್ಮ ಮನ್ಯಾಗ ಈ ಹೆಸರಿನವರು ಯಾರೂ ಇಲ್ಲ,” ಎಂದ ವೈಜನಾಥ.

ಗುರಮ್ಮ ಹೇಳಿದಳು: “ಮಂಜಿನ್ಯಾಗ ಆಕಿ ದೀಪ ಹಚ್ಚಿದ್ದಕ್ಕೇ ನಾವು ನಿಮ್ಮ ಹೊಸ್ತಿಲಾ ತುಳದೀವಿ, ಅಪ್ಪಾ.”

ವೈಜನಾಥ ಕೈ ಮುಗಿದ.